ಮೂನ್‌ಚೈಲ್ಡ್ ಮತ್ತು ತ್ರಿವುಡೆ ತಾಳ

‘ಮನೆಮಂದಿ ಮುಂಬೈ-ಪುಣೆ’ ಗುಂಪು, ಭಾನುವಾರ

ನಾನು (ಕೊತ್ರೂಡ್): [ಫೋಟೊ] ಹಳೇ ಇಂಗ್ಲಿಷ್ ರಾಕ್ ತಂಡಗಳ ಮೂರು ರೆಕಾರ್ಡ್ ತಂದೆ. ಕಿಂಗ್ ಕ್ರಿಮ್ಸನ್‌ನವರ ಮೊದಲನೆಯದು, 1969. ಯೆಸ್‌ನ ‘ಕ್ಲೋಸ್ ಟು ದಿ ಎಡ್ಜ್’, ಜೆತ್ರೋ ಟಲ್‌ನ ‘ಥಿಕ್ ಆ್ಯಸ್ ಎ ಬ್ರಿಕ್’, ಎರಡೂ 1972. ಒಂದೊಂದು ಸಲ ಕೇಳಿದೆ. ಯೆಸ್‌ಗೆ ಪೂರ್ತಿ ಅಂಕ. ಟಲ್ ಪರವಾಗಿಲ್ಲ, ಕೊಳಲಿದೆ. ಕ್ರಿಮ್ಸನ್ ಮೊದಲ ಹಾಡಿಗೇ ಮೈ ಜುಮ್ ಅಂದಿತು. ಎರಡನೇ ಮಗ್ಗುಲಿಗೆ ‘ಮೂನ್‌ಚೈಲ್ಡ್’ ಬಂತು ನೋಡಿ. ಎರಡೂವರೆ ನಿಮಿಷ ಹಾಡು, ಆಮೇಲೆ ಒಂಬತ್ತು ಚಿಲ್ಲರೆ ನಿಮಿಷ ಬರೀ ಟಿಣ್ ಟಿಣ್. ಮುಳ್ಳಿಗೆ ಧೂಳು ಹತ್ತಿದೆಯೇನೋ ಅಂತ ಎತ್ತಿ ಊದಿದೆ. ಧೂಳಿರಲಿಲ್ಲ.

ಅಮ್ಮ (ಪಕ್ಕದ ಕೋಣೆ): ಎಷ್ಟಾಯಿತು ಇದಕ್ಕೆಲ್ಲ?

ಮಾಟುಂಗ ಚಿಕ್ಕಪ್ಪ: ಒಂದು ಸಲ ಕೇಳಿ ತೀರ್ಪು ಕೊಡುತ್ತೀಯಾ? ಕೇಳುವಾಗ ಏನು ಮಾಡುತ್ತಿದ್ದೆ?

ನಾನು: ಬೇಳೆಗೆ ಕುಕ್ಕರ್ ಇಟ್ಟಿದ್ದೆ.

ಮಾಟುಂಗ ಚಿಕ್ಕಪ್ಪ: ಅದೇ ಅಂದುಕೊಂಡೆ. ಅಲ್ಲಿ ಗಿಟಾರ್, ವೈಬ್ರಫೋನ್ (ಲೋಹದ ಪಟ್ಟಿ ಬಡಿದು ನುಡಿಸುವುದು), ಡ್ರಮ್ ಮೂರೇ. ಒಬ್ಬರು ನುಡಿಸಲಿ ಅಂತ ಇನ್ನೊಬ್ಬರು ಕಾಯುತ್ತಾರೆ. ಆ ಕಾಯುವುದೇ ಹಾಡು. ಮುಂಬೈಯ ರೆಕಾರ್ಡ್ ಅಂಗಡಿ ರಿದಮ್ ಹೌಸ್‌ನಲ್ಲಿ ನಿಂತುಕೊಂಡೇ ಕೇಳುತ್ತಿದ್ದೆವು ನಾವು. 2016ರಲ್ಲಿ ಅದು ಮುಚ್ಚಿದ ದಿನ ನನಗೆ ಊಟ ಸೇರಲಿಲ್ಲ.

ಥಾಣೆ ಅಕ್ಕ: ಆ ದಿನ ನಮ್ಮ ಮನೆಯಲ್ಲಿ ಎಂಟು ನೀರುದೋಸೆ ತಿಂದಿರಿ ಚಿಕ್ಕಪ್ಪ.

ಡೊಂಬಿವಲಿ ಮಾವ: ಯೆಸ್‌ನವರದ್ದು ಒಂದೇ ಹಾಡು ಹದಿನೆಂಟೂ ಮುಕ್ಕಾಲು ನಿಮಿಷವಂತೆ. ಅಷ್ಟರಲ್ಲಿ ಫಾಸ್ಟ್ ಲೋಕಲ್ ಥಾಣೆ ಮುಟ್ಟುತ್ತದೆ.

ನಾನು: ರಾತ್ರಿಯಿಡೀ ಯಕ್ಷಗಾನದ ಆಟ ನೋಡುವವರು ನೀವು ಹೇಳುವ ಮಾತಾ ಮಾವ?

ಡೊಂಬಿವಲಿ ಮಾವ: ಆಟದಲ್ಲಿ ತಾಳ ಇದೆ. ಇದರಲ್ಲಿ ಎಲ್ಲಿದೆ?

ಮಾಟುಂಗ ಚಿಕ್ಕಪ್ಪ: ಪಿಂಕ್ ಫ್ಲಾಯ್ಡ್‌ನ ‘ಮನಿ’ ಕಳಿಸುತ್ತೇನೆ ಭಾವ. ಕೈಯಲ್ಲಿ ಎಣಿಸಿ, ಆಮೇಲೆ ಮಾತಾಡಿ.

(ಹತ್ತು ನಿಮಿಷ ಯಾರದ್ದೂ ಸದ್ದಿಲ್ಲ.)

ಡೊಂಬಿವಲಿ ಮಾವ: ಏಳು ಎಣಿಕೆ. ನಮ್ಮ ಆಟದ ತ್ರಿವುಡೆ ತಾಳ. ಆದರೆ ಗಿಟಾರಿನವನು ಬಂದ ಕೂಡಲೇ ನಾಲ್ಕಕ್ಕೆ ಇಳಿದರಲ್ಲ? ಅವನಿಗೆ ಏಳು ಬರಲ್ವಾ?

ಮಾಟುಂಗ ಚಿಕ್ಕಪ್ಪ: ಮತ್ತೆ ಏಳಕ್ಕೇ ಬರುತ್ತಾರೆ. ಪೂರ್ತಿ ಕೇಳಿ ಭಾವ!

ಡೊಂಬಿವಲಿ ಮಾವ: ಕೇಳುತ್ತಿದ್ದೇನೆ. ಎರಡನೇ ಸಲ.

ನಾನು: ಮೂನ್‌ಚೈಲ್ಡ್ ಮಾತ್ರ ಸಪ್ಪೆ. ಇದರಲ್ಲಿ ರಾಜಿ ಇಲ್ಲ.

ಮಾಟುಂಗ ಚಿಕ್ಕಪ್ಪ: ಹಾಗಾದರೆ ಅದನ್ನು ನನಗೆ ಕೊಟ್ಟುಬಿಡು. ಮುಂದಿನ ವಾರ ಬರುತ್ತೇನೆ.

ನಾನು: ಕೊಡಲ್ಲ.

ರಾತ್ರಿ 11:40

ನಾನು: ದೀಪ ಆರಿಸಿ ಕೇಳಿದೆ. ಈಗಲೂ ಟಿಣ್ ಟಿಣ್ಣೇ. ಆದರೆ ಡ್ರಮ್ಮಿನವನು ಒಂದು ಕಡೆ ಹೊಡೆಯುವುದಿಲ್ಲ, ಸವರುತ್ತಾನೆ. ಬೆಳಗ್ಗೆ ಅದು ಕುಕ್ಕರ್‌ನ ಸದ್ದು ಅಂದುಕೊಂಡಿದ್ದೆ.

ಮಾಟುಂಗ ಚಿಕ್ಕಪ್ಪ: ಹ್ಞಾಂ.

ಅಮ್ಮ: ಸೌಂಡ್ ಕಡಿಮೆ ಮಾಡು. ಆ ರೆಕಾರ್ಡಿನ ಕವರ್ ಮೇಲೆ ಬಾಯಿ ಬಿಟ್ಟುಕೊಂಡಿರುವ ಕೆಂಪು ಮುಖದವನನ್ನು ದೇವರ ಕೋಣೆಯ ಎದುರು ನಿಲ್ಲಿಸಬೇಡ, ಗೋಡೆಗೆ ತಿರುಗಿಸಿ ಇಡು.