ಕಾರಿಗೂ ಬೋಟಿಗೂ ಒಂದೇ ಫಿಲ್ಟರಾ?

ಗುಂಪು: ದೊಡ್ಮನೆ ಬಳಗ

ರಘು: (ಫಾರ್ವರ್ಡ್ ಆದ ಸಂದೇಶ) 🚗🚤 ಗಾಡಿ ಇರುವವರೆಲ್ಲ ಓದಿ!! ಕಾಗದದ ಏರ್ ಫಿಲ್ಟರ್ ಕಿತ್ತು ಬಿಸಾಡಿ. ತೊಳೆದು ಮತ್ತೆ ಹಾಕುವ ಬಟ್ಟೆ ಫಿಲ್ಟರ್ ಒಂದಿದ್ದರೆ ಜೀವನಪೂರ್ತಿ ಸಾಕು. ಮೈಲೇಜ್ 20% ಜಾಸ್ತಿ! ಕಾರು, ಬೋಟು ಎರಡಕ್ಕೂ ಅದೇ. ಕಂಪನಿಯವರು ಈ ಗುಟ್ಟು ಹೇಳುವುದಿಲ್ಲ. 10 ಜನರಿಗೆ ಕಳಿಸಿ 🙏

ರಘು: ಸರ್ವಿಸಿಗೆ ಬಿಟ್ಟಾಗಲೆಲ್ಲ ಫಿಲ್ಟರ್ ಬದಲಿಸಿ ಬಿಲ್ ಏರಿಸ್ತಾರೆ ಅಂತ ನಾನು ಆವತ್ತೇ ಹೇಳಿದ್ದೆ. ಯಾರೂ ಕೇಳಲಿಲ್ಲ.

ವಿದ್ಯಾ: ಭಾವ, ಇದು ಬರೆದದ್ದು ಯಾರು? ಯಾವ ಎಂಜಿನ್ ಮೇಲೆ ಪರೀಕ್ಷೆ ಮಾಡಿದ್ದು? 20% ಎಲ್ಲಿಂದ ಬಂತು?

ರಘು: ನಿಂಗೆ ಎಲ್ಲದಕ್ಕೂ ಪುರಾವೆ ಬೇಕು. ಬಾವಿಗೆ ಪಂಪ್ ತರುವಾಗಲೂ ಹೀಗೇ ಅಡ್ಡ ಹಾಕಿದ್ದೆ.

ವಿದ್ಯಾ: ಪಂಪಿನ ವಿಷಯ ಬೇರೆ ಮಾತಾಡುವ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಇದನ್ನೇ ಅಳೆದಿದ್ದಾರೆ. ಇಂಜೆಕ್ಷನ್ ಇರುವ ಪೆಟ್ರೋಲ್ ಕಾರಲ್ಲಿ ಫಿಲ್ಟರ್ ಧೂಳು ತುಂಬಿ ಕಟ್ಟಿಕೊಂಡರೂ ಮೈಲೇಜ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ, ಪಿಕಪ್ ಇಳಿಯಿತು. ಒಳಗೆ ಬಂದ ಗಾಳಿಯನ್ನು ಅಳೆದು ಎಂಜಿನಿನ ಕಂಪ್ಯೂಟರ್ (ಇಸಿಯು) ಅಷ್ಟಕ್ಕೇ ಪೆಟ್ರೋಲ್ ಬಿಡ್ತದೆ. ಕಟ್ಟಿದ ಫಿಲ್ಟರಿನಿಂದಲೇ ಮೈಲೇಜ್ ಹೋಗುವುದಿಲ್ಲ ಅಂದ ಮೇಲೆ ಹೊಸ ಬಟ್ಟೆ ಫಿಲ್ಟರಿನಿಂದ 20% ಬರುವುದು ಹೇಗೆ? ಕಾರ್ಬುರೇಟರ್ ಗಾಡಿಯಾದರೆ ಸ್ವಲ್ಪ ವ್ಯತ್ಯಾಸ ಉಂಟು.

ಗಣೇಶ: ಕಾರ್ಬುರೇಟರ್ ಅಂದ ಕೂಡಲೇ ಅಜ್ಜನ ಜೀಪ್ ನೆನಪಾಯ್ತು ❤️ ಫಿಲ್ಟರಿನ ಬಟ್ಟಲಿಗೆ ಆಯಿಲ್ ಹೊಯ್ಯಬೇಕಿತ್ತು. ಅದಕ್ಕೆ ಕಾಗದವೂ ಇಲ್ಲ, ಬಟ್ಟೆಯೂ ಇಲ್ಲ. ಅಂಥ ಗಾಡಿ ಈಗ ಎಲ್ಲಿ ಬರ್ತದೆ?

ಸುರೇಶ: ಆಯಿಲ್ ಬಾತ್ ಫಿಲ್ಟರ್. ಹಳೇ ಟ್ರ್ಯಾಕ್ಟರುಗಳಲ್ಲಿ ಈಗಲೂ ಉಂಟು. ಗಾಳಿ ಆಯಿಲ್ ಮೇಲೆ ಬಡಿದು ಹಿಂದಕ್ಕೆ ತಿರುಗುವಾಗ ದಪ್ಪ ಧೂಳು ಅಲ್ಲೇ ಕೂರ್ತದೆ. ಸಣ್ಣ ಧೂಳು ಹಿಡಿಯುವುದರಲ್ಲಿ ಕಾಗದದ ಹತ್ತಿರಕ್ಕೂ ಬರುವುದಿಲ್ಲ. ಮಾರ್ಕಿಗಿಂತ ಮೇಲೆ ಹೊಯ್ದರೆ ಡೀಸೆಲ್ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಓಡ್ತದೆ, ಕೀ ತಿರುಗಿಸಿದರೂ ನಿಲ್ಲುವುದಿಲ್ಲ.

ಗಣೇಶ: ಆ ಜೀಪನ್ನು ಮಾರಿದ್ದು ಯಾರು ಅಂತ ಎಲ್ಲರಿಗೂ ಗೊತ್ತುಂಟು. ನಾನು ಹೆಸರು ಹೇಳುವುದಿಲ್ಲ.

ದೊಡ್ಡಪ್ಪ: ಗಣೇಶ, ಅದು ಮುಗಿದ ಕಥೆ, ಮತ್ತೆ ಎತ್ತಬೇಡ. ಮಕ್ಕಳೇ, ಭಾವ ಒಳ್ಳೆಯದಕ್ಕೇ ಕಳಿಸಿದ್ದಾನೆ. ತಪ್ಪಿದ್ದರೆ ತಿದ್ದಿ, ಆದರೆ ಹಿರಿಯರ ಹತ್ತಿರ ಮಾತಾಡುವಾಗ ನಾಲಗೆ ಮೇಲೆ ಹಿಡಿತ ಇರಲಿ. ಹೊಸತು ಕಂಡಲ್ಲೆಲ್ಲ ದುಡ್ಡು ಸುರಿಯಬಾರದು, ಇರುವುದನ್ನು ಜೋಪಾನ ಮಾಡಬೇಕು. 🙏

ಪ್ರಶಾಂತ: ವಿದ್ಯಕ್ಕ, ನಾವಿರುವುದು ಬಳ್ಳಾರಿ. ಸಂಡೂರು ಕಡೆ ಹೋಗಿ ಬಂದರೆ ಅದಿರಿನ ಧೂಳಿಗೆ ಕಾರೇ ಕೆಂಪಾಗ್ತದೆ. ನಮಗೆ ಯಾವುದು ಒಳ್ಳೆಯದು? ಬಟ್ಟೆಯದಾದರೆ ತೊಳೆಯಬಹುದಲ್ಲ?

ವಿದ್ಯಾ: ನಿಮಗೆ ಕಾಗದದ್ದೇ ಸರಿ. ಒಂದು ಲೀಟರ್ ಪೆಟ್ರೋಲ್ ಉರಿಯಲಿಕ್ಕೆ ಸುಮಾರು 9,000 ಲೀಟರ್ ಗಾಳಿ ಬೇಕು. ಅಷ್ಟೂ ಗಾಳಿ ಆ ಫಿಲ್ಟರ್ ದಾಟಿಯೇ ಒಳಗೆ ಹೋಗಬೇಕು. ಪಿಸ್ಟನ್ ರಿಂಗು, ಲೈನರ್ ತಿನ್ನುವುದು ಕಣ್ಣಿಗೆ ಕಾಣುವ ಧೂಳಲ್ಲ, 5ರಿಂದ 20 ಮೈಕ್ರಾನಿನದ್ದು. ಫಿಲ್ಟರನ್ನು ಅಳೆಯುವ ಪರೀಕ್ಷೆ ಐಎಸ್‌ಒ 5011. ಎಷ್ಟು ಧೂಳು ತಡೆಯಿತು, ಗಾಳಿಗೆ ಎಷ್ಟು ಅಡ್ಡಿ ಆಯ್ತು, ಎಷ್ಟು ಗ್ರಾಂ ಧೂಳು ಹಿಡಿದುಕೊಂಡಿತು, ಈ ಮೂರೂ ಅದರಲ್ಲಿ ಬರ್ತವೆ. ಪೊಟ್ಟಣದ ಮೇಲೆ ಬರೇ ‘ಹೈ ಫ್ಲೋ’ ಅಂತ ಇದ್ದು ಧೂಳಿನ ಲೆಕ್ಕ ಇಲ್ಲದಿದ್ದರೆ ಬಿಟ್ಟುಬಿಡು.

ವಿದ್ಯಾ: ಇನ್ನೊಂದು. ಕಾಗದದ ಫಿಲ್ಟರ್ ಸ್ವಲ್ಪ ಧೂಳು ಕೂತ ಮೇಲೆ ಇನ್ನೂ ಚೆನ್ನಾಗಿ ಸೋಸ್ತದೆ, ಕೂತ ಧೂಳೇ ಜಾಲರಿ ಆಗ್ತದೆ. ವಾರಕ್ಕೊಮ್ಮೆ ತೆಗೆದು ಕೊಡವುವುದು ಬೇಡ. ಪಂಕ್ಚರ್ ಅಂಗಡಿಯಲ್ಲಿ ಫುಲ್ ಪ್ರೆಷರ್ ಗಾಳಿ ಹೊಡೆಸಿದರೆ ಕಾಗದ ಹರಿಯುತ್ತದೆ, ಹರಿದದ್ದು ಕಾಣುವುದೂ ಇಲ್ಲ. ಊದಲೇಬೇಕಾದರೆ 30 ಪಿಎಸ್‌ಐಗಿಂತ ಕಡಿಮೆ ಇಟ್ಟು, ಒಳಗಿನಿಂದ ಹೊರಗೆ ಊದಿ, ಆಮೇಲೆ ಟಾರ್ಚ್ ಹಿಡಿದು ನೋಡು. ಎಲ್ಲಾದರೂ ಚುಕ್ಕಿಯಷ್ಟು ಬೆಳಕು ನೇರ ಬಂದರೂ ಹೊಸತು ಹಾಕು. ಬದಲಿಸುವುದು ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರಿನ ಅರ್ಧಕ್ಕೆ.

ರಘು: ಅಂದರೆ ಬಟ್ಟೆ ಫಿಲ್ಟರ್ ಮಾರುವವರೆಲ್ಲ ಸುಳ್ಳರಾ? ರೇಸಿನವರು ಹಾಕ್ತಾರಲ್ಲ!

ವಿದ್ಯಾ: ರೇಸ್ ಎಂಜಿನನ್ನು ಆಗಾಗ ಬಿಚ್ಚಿ ಕಟ್ತಾರೆ ಭಾವ, ನಮ್ಮದನ್ನು ಬಿಚ್ಚುವುದಿಲ್ಲ. ಬಟ್ಟೆಯದ್ದು ಧೂಳು ಹಿಡಿಯುವುದು ಅದಕ್ಕೆ ಹಾಕಿದ ಎಣ್ಣೆಯಿಂದ. ತೊಳೆದ ಮೇಲೆ ನೆರಳಲ್ಲಿ ಪೂರ್ತಿ ಒಣಗಬೇಕು, ಎಣ್ಣೆ ಪ್ರತಿ ಮಡಿಕೆಗೂ ಸಮ ಹೋಗಬೇಕು. ಕಡಿಮೆಯಾದರೆ ಧೂಳು ನುಗ್ತದೆ. ಜಾಸ್ತಿಯಾದರೆ ಎಣ್ಣೆ ಹಾರಿ ಗಾಳಿ ಅಳೆಯುವ ಮ್ಯಾಫ್ ಸೆನ್ಸರಿನ ತಂತಿಗೆ ಹತ್ತಿ, ಅದರ ಮೇಲೆ ಧೂಳು ಕೂತು, ಇರುವುದಕ್ಕಿಂತ ಕಡಿಮೆ ಗಾಳಿ ತೋರಿಸ್ತದೆ. ಆಗ ಚೆಕ್ ಎಂಜಿನ್ ದೀಪ ಹತ್ತಿ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅನ್ನುವ ಪಿ0171 ಕೋಡ್ ಬರಬಹುದು. ಆ ಸೆನ್ಸರಿಗೆ ಬಟ್ಟೆ, ಬ್ರಶ್ ತಾಗಿಸಬೇಡಿ. ಮ್ಯಾಫ್ ಕ್ಲೀನರ್ ಸ್ಪ್ರೇ ಮಾತ್ರ.

ರಘು: ಸುರೇಶ, ನೀನಾದರೂ ಹೇಳು. ಬೋಟಿಗೆ ಬಟ್ಟೆಯದ್ದೇ ಹಾಕ್ತಾರಲ್ಲ?

ಸುರೇಶ: ಡೀಸೆಲ್ ಇನ್‌ಬೋರ್ಡಿಗೆ (ಬೋಟಿನ ಒಳಗೆ ಕೂರಿಸಿದ ಎಂಜಿನಿಗೆ) ತೊಳೆಯುವಂಥದ್ದು ಹಾಕ್ತಾರೆ, ಹೌದು. ಆದರೆ ಕಾರಣ ಬೇರೆ. ಸಮುದ್ರದ ಮೇಲೆ ಧೂಳು ಕಡಿಮೆ. ಎಂಜಿನ್ ರೂಮಿನಲ್ಲಿ ಇರುವುದು ಉಪ್ಪಿನ ಹನಿ, ಬ್ರೀದರಿನಿಂದ (ಎಂಜಿನ್ ಉಸಿರು ಬಿಡುವ ಪೈಪು) ಬರುವ ಆಯಿಲ್ ಹೊಗೆ, ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿದರೆ ಮಸಿ. ಕಾಗದ ಒದ್ದೆಯಾಗಿ ಮೆತ್ತಗಾಗ್ತದೆ, ತಗಡಿನ ಮುಚ್ಚಳ ಇದ್ದರೆ ತುಕ್ಕು ಹಿಡಿದು ಚೂರು ಟರ್ಬೊಗೆ ಹೋಗ್ತದೆ. ಫೋಮ್ (ಸ್ಪಂಜಿನ) ಫಿಲ್ಟರ್ ಇನ್ನೂ ಅಪಾಯ. ಹಳತಾದರೆ ಬೆರಳಲ್ಲಿ ಒತ್ತಿದಲ್ಲೇ ಪುಡಿ ಉದುರುತ್ತದೆ. ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟಿಗೆ ರಜೆ ಅಲ್ವಾ, ಆಗ ಫೋಮನ್ನು ಒತ್ತಿ ನೋಡಲೇಬೇಕು.

ರಘು: ನೋಡಿದ್ರಾ! ಬೋಟಿಗೆ ಬಟ್ಟೆ ಅಂತ ಅವನೇ ಒಪ್ಪಿಕೊಂಡ.

ವಿದ್ಯಾ: ‘ಎರಡಕ್ಕೂ ಅದೇ’ ಅಂತ ಅವರು ಎಲ್ಲಿ ಹೇಳಿದ್ರು?

ಸುರೇಶ: ಹೇಳಲಿಲ್ಲ, ಹೇಳುವುದೂ ಇಲ್ಲ. ಭಾವ, ಇಲ್ಲಿ ಜೀವದ ಪ್ರಶ್ನೆ ಉಂಟು. ಪೆಟ್ರೋಲ್ ಇನ್‌ಬೋರ್ಡಿಗೆ ಕಾರಿನ ಫಿಲ್ಟರ್ ಹಾಕಲೇಬಾರದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲೇ ನಿಲ್ತದೆ. ಎಂಜಿನ್ ಬ್ಯಾಕ್‌ಫೈರ್ ಆದರೆ ಜ್ವಾಲೆ ಗಾಳಿ ಬಾಯಿಯಿಂದ ಹೊರಗೆ ಬರ್ತದೆ. ಅದನ್ನು ತಡೆಯಲಿಕ್ಕೆ ಲೋಹದ ಫ್ಲೇಮ್ ಅರೆಸ್ಟರ್ ಬೇಕು. ಅಮೆರಿಕದ ಕೋಸ್ಟ್ ಗಾರ್ಡ್ ನಿಯಮದಲ್ಲಿ 1940ರ ಏಪ್ರಿಲ್ 25ರ ನಂತರ ಕೂರಿಸಿದ ಪೆಟ್ರೋಲ್ ಇನ್‌ಬೋರ್ಡಿಗೆ ಅದು ಕಡ್ಡಾಯ. ಎಣ್ಣೆ ಹಚ್ಚಿದ ಬಟ್ಟೆ ಅಲ್ಲಿ ಇದ್ದರೆ ಬೆಂಕಿಗೆ ಬತ್ತಿ ಇಟ್ಟ ಹಾಗೆ. ನಾಡದೋಣಿಯ ಹಿಂದೆ ಹೊರಗೆ ಕೂರಿಸುವ ಔಟ್‌ಬೋರ್ಡಿನಲ್ಲಿ ಹೆಚ್ಚಾಗಿ ಫಿಲ್ಟರೇ ಇರುವುದಿಲ್ಲ, ಗಾಳಿ ಎಳೆಯುವ ಶಬ್ದ ತಗ್ಗಿಸುವ ಸೈಲೆನ್ಸರ್ ಡಬ್ಬಿ ಮಾತ್ರ. ಅದಕ್ಕೆ ಹೊಸತಾಗಿ ಎಂತದೂ ತುರುಕಬೇಡಿ.

ದೊಡ್ಡಪ್ಪ: ಇದು ಎಲ್ಲರೂ ತಿಳಿದುಕೊಳ್ಳಬೇಕಾದ ಮಾತು. ರಘು, ಆ ಫಾರ್ವರ್ಡನ್ನು ಬೋಟಿನವರ ಗುಂಪಿಗೂ ಹಾಕಿದ್ದೀಯಾ?

ರಘು: ಎರಡು ಗುಂಪಿಗೆ ಹಾಕಿದ್ದೆ ದೊಡ್ಡಪ್ಪ. ತೆಗೀತೇನೆ. ಆದರೆ ವಿದ್ಯಾ ಎಲ್ಲರೆದುರು ಹಾಗೆ ಕೇಳುವ ಅಗತ್ಯ ಇರಲಿಲ್ಲ, ಫೋನ್ ಮಾಡಬಹುದಿತ್ತು.

ವಿದ್ಯಾ: ಹಾಕಿದ್ದು ಎಲ್ಲರೆದುರಲ್ಲವಾ ಭಾವ?

ಗಣೇಶ: ಅಜ್ಜ ಇದ್ದಿದ್ದರೆ ಇಬ್ಬರನ್ನೂ ಜೀಪ್ ತೊಳೆಯಲಿಕ್ಕೆ ಹಚ್ಚುತ್ತಿದ್ದರು.

ಸುರೇಶ: ಬೋಟಿನವರ ಗುಂಪಿಗೆ ಇದನ್ನೂ ಹಾಕಿ ಭಾವ. ಪವರ್ ಕಡಿಮೆ ಅಂತ ಫಿಲ್ಟರ್ ಬದಲಿಸುವ ಮೊದಲು ಎಂಜಿನ್ ರೂಮಿಗೆ ಗಾಳಿ ಬರುವ ದಾರಿ ನೋಡಬೇಕು. ಅದರ ಎದುರು ಬಲೆ, ಐಸ್ ಪೆಟ್ಟಿಗೆ ಇಟ್ಟಿರ್ತಾರೆ. ಒಳಗಿನ ಗಾಳಿ 30 ಡಿಗ್ರಿಯಿಂದ 60ಕ್ಕೆ ಏರಿದರೆ ಸುಮಾರು 9% ತೆಳುವಾಗ್ತದೆ. ಅಷ್ಟಕ್ಕೇ ಕಪ್ಪು ಹೊಗೆ ಶುರುವಾಗಬಹುದು.

ಪ್ರಶಾಂತ: ವಿದ್ಯಕ್ಕ, ಈಗಷ್ಟೇ ಕಾರಿನ ಏರ್ ಫಿಲ್ಟರಿನ ಡಬ್ಬಿ ತೆಗೆದು ನೋಡಿದೆ. ಫಿಲ್ಟರ್ ಆಚೆ, ಎಂಜಿನ್ ಕಡೆಯ ಪೈಪಿನಲ್ಲೂ ಬೆರಳಿಗೆ ಕೆಂಪು ಧೂಳು ಹತ್ತಿತು.

ವಿದ್ಯಾ: ಹಾಗಾದರೆ ಅಂಚಿನ ರಬ್ಬರ್ ಸರಿ ಕೂತಿಲ್ಲ. ರಬ್ಬರಿನ ಮೇಲೆ ಡಬ್ಬಿಯ ಅಂಚಿನ ಗುರುತು ಸುತ್ತಲೂ ಒಂದೇ ಆಳಕ್ಕೆ ಬಿದ್ದಿರಬೇಕು. ಗುರುತು ಮಾಸಿದಲ್ಲಿ ಧೂಳಿನ ಗೆರೆ ಒಳಗೆ ಹೋಗಿದೆಯಾ ನೋಡು. ಡ್ಯೂಪ್ಲಿಕೇಟ್ ಫಿಲ್ಟರಿನಲ್ಲಿ ಕಾಗದಕ್ಕಿಂತ ಈ ರಬ್ಬರೇ ಹೆಚ್ಚು ಮೋಸ ಮಾಡುವುದು. ಹಳೇ ಫಿಲ್ಟರಿನ ಚೌಕಟ್ಟಿನ ಮೇಲೆ ಪಾರ್ಟ್ ನಂಬರ್ ಉಂಟು, ಅದೇ ನಂಬರಿನದ್ದು ತಾ. ಹಾಕುವ ಮೊದಲು ಡಬ್ಬಿಯ ಒಳಗೆ ಒದ್ದೆ ಬಟ್ಟೆಯಿಂದ ಒರೆಸು, ಊದಬೇಡ.

ಸುರೇಶ: ಡಬ್ಬಿಯ ಮುಚ್ಚಳ ಹಿಡಿಯುವ ಕ್ಲಿಪ್ ಎಲ್ಲ ಉಂಟಾ? ಒಂದು ಮುರಿದರೂ ಆ ಮೂಲೆಯಲ್ಲಿ ಡಬ್ಬಿ ಬಾಯಿ ಬಿಡ್ತದೆ.

ಪ್ರಶಾಂತ: ಒಂದು ಮುರಿದಿದೆ ಸುರೇಶಣ್ಣ. ಹಿಂದಿನ ಸರ್ವಿಸಿನವರು ತಂತಿ ಸುತ್ತಿದ್ದಾರೆ.

ಸುರೇಶ: ಹಾಗಾದರೆ ಧೂಳು ಬರುವುದು ಅಲ್ಲಿಂದಲೇ. ಫಿಲ್ಟರಿನ ಜೊತೆ ಕ್ಲಿಪ್ಪನ್ನೂ ತರಿಸು. ಕ್ಲಿಪ್ ಬಿಡಿಯಾಗಿ ಸಿಗದಿದ್ದರೆ ಮೇಲಿನ ಮುಚ್ಚಳವೇ ಬದಲಿಸಬೇಕು.