ಸ್ಟಾಕ್ ಲೆಕ್ಕಕ್ಕೂ ಲೆಡ್ಜರಿಗೂ ತಾಳೆ ಇಲ್ಲ, ಜೆವಿ (ಕೈಯಿಂದ ಹಾಕುವ ಜರ್ನಲ್ ವೋಚರ್) ಹಾಕಬಹುದೇ?

ಪ್ರಶ್ನೆ: ನಮಸ್ಕಾರ್ರೀ ಸರ್. ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಲೆಕ್ಕಕ್ಕೆ ಸ್ಯಾಪ್ ಸಾಫ್ಟ್‌ವೇರ್ ಇದೆ, ಅದರಲ್ಲಿ ಒಂದೊಂದು ಕೆಲಸಕ್ಕೂ ಎಂಬಿ52 ಥರ ಒಂದು ಕೋಡ್. ಪಿಗ್ ಐರನ್ (ಕರಗಿಸಲು ತರುವ ಕಚ್ಚಾ ಕಬ್ಬಿಣ) ಸ್ಟಾಕಿನ ಬೆಲೆಯನ್ನು ಎಂಬಿ52 ರಿಪೋರ್ಟಿನಲ್ಲಿ ನೋಡಿದರೆ ಒಂದು ಮೊತ್ತ, ಜನರಲ್ ಲೆಡ್ಜರಿನಲ್ಲಿ ಅದಕ್ಕಿಂತ 1,84,000 ರೂಪಾಯಿ ಜಾಸ್ತಿ. ಆಡಿಟ್ ಹತ್ತಿರ ಬಂತು. ಒಂದು ಜೆವಿ ಹಾಕಿ ಮುಗಿಸಿಬಿಡಿ ಅಂತಾರೆ ಎಲ್ಲರೂ. ಹಾಕಲೇ?

ಉತ್ತರ: ದಯವಿಟ್ಟು ಹಾಕಬೇಡಿ ಸರ್. ಜೆವಿ ಹಾಕಿದರೆ ಮೊತ್ತ ಕೂಡುತ್ತದೆ, ತಪ್ಪು ಮಾತ್ರ ಅಲ್ಲೇ ಉಳಿಯುತ್ತದೆ, ಮುಂದಿನ ತಿಂಗಳು ಮತ್ತೆ ವ್ಯತ್ಯಾಸ ಬಂದರೆ ಯಾವುದು ಹಳೆಯದು ಯಾವುದು ಹೊಸದು ಅಂತ ಗೊತ್ತೇ ಆಗುವುದಿಲ್ಲ.

ಮೊದಲು ನಿಜವಾಗಿ ವ್ಯತ್ಯಾಸ ಇದೆಯಾ ನೋಡಿ. ಎಂಬಿ52 ತೋರಿಸುವುದು ಈ ಗಳಿಗೆಯ ಸ್ಟಾಕ್. ನೀವು ಲೆಡ್ಜರನ್ನು ಹೋದ ತಿಂಗಳ ಕೊನೆಗೆ ತೆಗೆದಿದ್ದರೆ ಎರಡೂ ಕೂಡುವುದೇ ಇಲ್ಲ. ಈ ಕೆಲಸಕ್ಕೆ ಇರುವುದು ಎಂಬಿ5ಎಲ್. ಸ್ಟಾಕ್ ಬೆಲೆಯನ್ನೂ ಖಾತೆಯ ಬ್ಯಾಲೆನ್ಸನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತದೆ, ಈ ತಿಂಗಳದ್ದೋ ಹಿಂದಿನದ್ದೋ ಆರಿಸಿಕೊಳ್ಳಬಹುದು. ಫೌಂಡ್ರಿ ಒಂದು ಪ್ಲಾಂಟ್, ಮಷೀನ್ ಶಾಪ್ ಇನ್ನೊಂದು ಪ್ಲಾಂಟ್ ಆಗಿ ಎರಡಕ್ಕೂ ಒಂದೇ ಖಾತೆ ಇದ್ದರೆ, ಒಂದೇ ಪ್ಲಾಂಟಿಗೆ ಓಡಿಸಬೇಡಿ. ಇಡೀ ಕಂಪನಿ ಕೋಡಿಗೆ, ಅಂದರೆ ಎಲ್ಲ ಪ್ಲಾಂಟೂ ಸೇರಿಸಿ ಓಡಿಸಿ.

ಆಮೇಲೂ ವ್ಯತ್ಯಾಸ ಉಳಿದರೆ ಎಫ್‌ಬಿಎಲ್3ಎನ್‌ನಲ್ಲಿ ಆ ಖಾತೆಯ ಒಂದೊಂದು ಎಂಟ್ರಿಯನ್ನೂ ತೆಗೆದು, ಡಾಕ್ಯುಮೆಂಟ್ ಟೈಪ್ ಪ್ರಕಾರ ಜೋಡಿಸಿ. ಡಬ್ಲ್ಯೂಇ, ಡಬ್ಲ್ಯೂಎ, ಆರ್‌ಇ ಇವೆಲ್ಲ ಸಾಮಾನ್ಯವಾಗಿ ಮಾಲು ಬಂದಾಗ, ಹೋದಾಗ, ಬಿಲ್ ಹಾಕಿದಾಗ ತಾನಾಗಿ ಬರುವಂಥವು. ನಡುವೆ ಎಸ್‌ಎ ಕಂಡರೆ ನಿಲ್ಲಿ. ಯಾರೋ ಕೈಯಿಂದ ಪೋಸ್ಟ್ ಮಾಡಿದ್ದಾರೆ.

ಎಸ್‌ಎ ಸಿಗದಿದ್ದರೆ ಓಬಿವೈಸಿಯಲ್ಲಿ (ಯಾವ ಮಾಲು ಯಾವ ಖಾತೆಗೆ ಅಂತ ಹೊಂದಿಸಿಡುವ ಜಾಗ) ಖಾತೆ ನಡುವೆ ಬದಲಾಗಿದೆಯಾ ಅಂತ ಕೇಳಿ. ಹಾಗಾದಾಗ ಹಳೆ ಸ್ಟಾಕಿನ ಬೆಲೆ ಹಳೆ ಖಾತೆಯಲ್ಲೇ ಕೂತಿರುತ್ತದೆ. ಹೊಸದಾಗಿ ಸ್ಯಾಪ್ ಹಾಕಿದ ಕಡೆ ಇನ್ನೊಂದನ್ನೂ ನೋಡಬೇಕು. ಆರಂಭದ ಸ್ಟಾಕನ್ನು 561ರಲ್ಲಿ (ಮಾಲಿನ ಓಡಾಟಕ್ಕೆ ಇರುವ ಕೋಡುಗಳಲ್ಲಿ ಒಂದು) ತಂದಾಗಲೇ ಬೆಲೆ ಖಾತೆಗೆ ಬಂದಿರುತ್ತದೆ, ಟ್ರಯಲ್ ಬ್ಯಾಲೆನ್ಸ್ (ಹಳೆ ಲೆಕ್ಕದ ಖಾತೆಗಳ ಬ್ಯಾಲೆನ್ಸ್ ಪಟ್ಟಿ) ಹಾಕುವಾಗ ಅದೇ ಮೊತ್ತವನ್ನು ಮತ್ತೆ ಸ್ಟಾಕ್ ಖಾತೆಗೇ ಹಾಕಿದರೆ ಎರಡು ಸಲ ಆಯಿತಲ್ವಾ?

ಪ್ರಶ್ನೆ: ಎಸ್‌ಎ ಸಿಕ್ಕಿತು ಸರ್! ಲಾರಿ ಬಾಡಿಗೆಯನ್ನು ಸೀದಾ ಪಿಗ್ ಐರನ್ ಖಾತೆಗೆ ಹಾಕಿದ್ದಾರೆ. ಮೊತ್ತ ಸರಿಯಾಗಿ ಅಷ್ಟೇ ಇದೆ. ಇನ್ನೇನು ಮಾಡಲಿ? ಮತ್ತೆ ಯಾರ್ಡಿನಲ್ಲಿ ತೂಕ ಮಾಡಿದರೆ ಮಾಲೂ ಸ್ವಲ್ಪ ಕಡಿಮೆ ಇದೆ.

ಉತ್ತರ: ಒಳ್ಳೇದಾಯ್ತು. ಆ ಎಂಟ್ರಿಯನ್ನು ಎಫ್‌ಬಿ08ರಲ್ಲಿ ರಿವರ್ಸ್ ಮಾಡಿ. ಬಾಡಿಗೆ ಮಾಲಿನ ಬೆಲೆಗೇ ಸೇರಬೇಕಾದರೆ ಸ್ಟಾಕಿನ ಬೆಲೆ ಏರಿಸುವ, ಇಳಿಸುವ ಎಂಆರ್22 ಇದೆ, ಆದರೆ ಕಬ್ಬಿಣ ಆಗಲೇ ಕುಲುಮೆಗೆ ಹೋಗಿದ್ದರೆ ಆ ಪಾಲು ಪ್ರೈಸ್ ಡಿಫರೆನ್ಸ್ (ಬೆಲೆ ವ್ಯತ್ಯಾಸ) ಖಾತೆಗೆ ಹೋಗುತ್ತದೆ, ಆಡಿಟರಿಗೆ ಮೊದಲೇ ಹೇಳಿಡಿ. ಇನ್ನು ಮುಂದೆ ಬಾಡಿಗೆಯನ್ನು ಪರ್ಚೇಸ್ ಆರ್ಡರಿನಲ್ಲೇ ಡೆಲಿವರಿ ಖರ್ಚಾಗಿ ಹಾಕಿಸಿ.

ರಿವರ್ಸ್ ಆದ ಮೇಲೆ ಎಫ್‌ಎಸ್00ರಲ್ಲಿ ಆ ಖಾತೆಗೆ 'ಪೋಸ್ಟ್ ಆಟೊಮ್ಯಾಟಿಕಲಿ ಓನ್ಲಿ' ಟಿಕ್ ಹಾಕಿಸಿ. ಕೈಯಿಂದ ಹಾಕುವ ದಾರಿ ಬಂದ್ ಆಗುತ್ತದೆ. ಮೊದಲೇ ಟಿಕ್ ಮಾಡಿದರೆ ನಿಮ್ಮ ರಿವರ್ಸಲ್ಲಿಗೇ ಅಡ್ಡ ಬರುತ್ತದೆ, ಅದಕ್ಕೇ ಈ ಕ್ರಮ.

ತೂಕದ ಮಾತು ಬೇರೆ. ಅದಕ್ಕೆ ಲೆಡ್ಜರ್ ಹುಡುಕಿ ಉಪಯೋಗ ಇಲ್ಲ. ಕರಗಿಸುವಾಗ ಸುಟ್ಟು ಹೋಗುವ ಪಾಲನ್ನು ಯಾರು ಬರೆಯುತ್ತಾರೆ? ಎರಕದಿಂದ ಮುರಿದು ಬಂದ ರನ್ನರ್, ರೈಸರ್ ಎಂಬ ಹೆಚ್ಚುವರಿ ತುಂಡುಗಳು ಮತ್ತೆ ಕುಲುಮೆಗೆ ಹೋಗುತ್ತವೆ, ಅವನ್ನು 531ರಲ್ಲಿ ಬೈ ಪ್ರಾಡಕ್ಟ್ ಆಗಿ ಒಳಗೆ ತರುತ್ತಿದ್ದೀರಾ? ಶಾಪ್ ಫ್ಲೋರ್ ಸೂಪರ್‌ವೈಸರ್ ಜೊತೆ ಕೂತು ಒಂದು ಹೀಟಿನ (ಒಂದು ಸಲ ಕರಗಿಸಿದ್ದರ) ಲೆಕ್ಕ ಪೂರ್ತಿ ತೆಗೆಯಿರಿ. ಕಾರಣ ಸಿಕ್ಕ ಮೇಲೆ ಎಂಐ01ರಲ್ಲಿ ಫಿಸಿಕಲ್ ಸ್ಟಾಕ್ ಡಾಕ್ಯುಮೆಂಟ್ ಮಾಡಿ, ಎಂಐ04ರಲ್ಲಿ ತೂಕ ಹಾಕಿ, ಎಂಐ07ರಲ್ಲಿ ಪೋಸ್ಟ್ ಮಾಡಿ. ಆಗ ಮಾಲು, ಬೆಲೆ ಎರಡೂ ಒಟ್ಟಿಗೇ ಇಳಿಯುತ್ತವೆ.