ಅಪ್‌ಡೇಟ್: ಗುಲ್ಮಾರ್ಗ್‌ಗೆ ಕಡಿಮೆ ಖರ್ಚಿನ ಸ್ಕೀ ಬಟ್ಟೆ

ಮೊದಲ ಸಲ ಸ್ಕೀಯಿಂಗ್ ಕಲಿಯೋಕೆ ಗುಲ್ಮಾರ್ಗ್‌ಗೆ ಹೊರಟಿದ್ದೀನಿ, ಬೆಂಗಳೂರಲ್ಲಿ ಮತ್ತೆ ಉಪಯೋಗಕ್ಕೆ ಬಾರದ ಬಟ್ಟೆಗೆ ದುಡ್ಡು ಸುರಿಯದೆ ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ಹೋಗಿ ಬಂದಾಯ್ತು.

ಎಲ್ಲಾ ಅಲ್ಲೇ ಬಾಡಿಗೆಗೆ ತಗೊಳ್ಳಿ ಅಂದಿದ್ರಿ. ಅರ್ಧ ಕೇಳಿದೆ. ಸ್ಕೀ, ಬೂಟು, ಜಾಕೆಟ್ ಬಾಡಿಗೆಗೆ; ಪ್ಯಾಂಟು ಮಾತ್ರ ಕೊಂಡೆ, ಡೆಕತ್ಲಾನ್‌ನ ಸ್ಕೀ ಬ್ರ್ಯಾಂಡ್ ವೆಡ್ಝೆದು. ಕಲಿಯೋರು ನಿಂತಿರೋದಕ್ಕಿಂತ ಹಿಮದ ಮೇಲೆ ಕೂತಿರೋದೇ ಜಾಸ್ತಿ, ಹಿಂಭಾಗ ನೆನೆದರೆ ಅವತ್ತಿನ ಪಾಠ ಮುಗೀತು. ತುಂಬಾ ಬಳಸಿದ ಬಟ್ಟೆಯಲ್ಲಿ ವಾಟರ್‌ಪ್ರೂಫ್ ಲೇಪ ಸವೆದಿರುತ್ತೆ. ಬಾಡಿಗೆ ಜಾಕೆಟ್ ಮೇಲೆ ಅಂಗಡಿಯಲ್ಲೇ ನಾಲ್ಕು ಹನಿ ನೀರು ಹಾಕಿ ನೋಡಿ. ಹನಿ ಉರುಳಿದರೆ ಸರಿ, ಬಟ್ಟೆ ಕುಡಿದರೆ ಬೇರೆ ಕೇಳಿ. ಅಂಗಡಿಯವರು ಗೊಣಗಿದರು, ಗೊಣಗಲಿ.

ಒಳಗೆ ಹತ್ತಿ ಬೇಡ ಅಂದ ಅಕ್ಕನಿಗೆ ದೊಡ್ಡ ನಮಸ್ಕಾರ. ಬೆವರು ಹತ್ತಿಯಲ್ಲೇ ನಿಂತು ಮೈ ಕೊರೆಯುತ್ತಂತೆ. ಜಿಮ್‌ನ ಪಾಲಿಯೆಸ್ಟರ್ ಟೀ ಶರ್ಟು, ಮೇಲೆ ಟ್ರೆಕ್ಕಿಂಗ್‌ನ ಬೆಚ್ಚನೆಯ ಫ್ಲೀಸ್ ಜಾಕೆಟ್: ಎರಡೂ ಮನೆಯಲ್ಲೇ ಇದ್ದವು. ಉದ್ದದ ಸಾಕ್ಸ್ ಒಂದೇ ಜೊತೆ ಸಾಕು. ಎರಡು ಹಾಕಿದರೆ ಬೂಟು ಬಿಗಿದು ರಕ್ತ ಓಡಲ್ಲ, ಕಾಲು ಇನ್ನೂ ತಣ್ಣಗಾಗುತ್ತೆ.

ಗ್ಲೌಸ್ ಕೊಂಡೆ. ಬೇರೆಯವರ ಬೆವರಿನ ಗ್ಲೌಸ್ ಬೆಳಬೆಳಿಗ್ಗೆ ಹಾಕೋದು ನನ್ನ ಕೈಲಾಗಲ್ಲ!

ಪ್ಯಾಂಟು ಈಗ ತಮ್ಮನ ಪಾಲು, ಅವನು ಸ್ಕೀಯಿಂಗ್‌ಗೆ ಉತ್ತರಾಖಂಡದ ಔಲಿಗೆ ಹೊರಟಿದ್ದಾನೆ.